ಕಾರಿನೊಳಗಿನ ಕಂಪ್ಯೂಟರುಗಳು ಮಾತು ಬಿಟ್ಟಾಗ...

ಚೆನ್ನಾಗಿ ಓಡುತ್ತಿದ್ದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಮ್ಮೆಲೇ ಎಬಿಎಸ್, ಪವರ್ ಸ್ಟೀರಿಂಗ್, ಏರ್‌ಬ್ಯಾಗ್ ದೀಪಗಳೆಲ್ಲ ಹೊತ್ತಿಕೊಳ್ಳುತ್ತವೆ. ಸ್ಪೀಡೋಮೀಟರಿನ ಮುಳ್ಳು ಸೊನ್ನೆಗೆ ಇಳಿಯುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಜೋಡಿಸಿದರೆ ‘ಯು’ ಅಕ್ಷರದಿಂದ ಆರಂಭವಾಗುವ ನಾಲ್ಕಾರು ದೋಷ ಸಂಕೇತಗಳು. ‘ಮಾಡ್ಯೂಲ್ ಹೋಗಿದೆ, ಬದಲಿಸಬೇಕು’ ಎಂಬ ತೀರ್ಪು ಹೊರಬೀಳುತ್ತದೆ. ಬಿಲ್ಲು ಹತ್ತಾರು ಸಾವಿರ ರೂಪಾಯಿ. ಅಷ್ಟಾದರೂ ದೀಪಗಳು ಆರದಿದ್ದರೆ? ನಿಜವಾದ ದೋಷ ತುಕ್ಕು ಹಿಡಿದ ಒಂದು ಅರ್ಥಿಂಗ್ ಬೋಲ್ಟಿನಲ್ಲಿ ಇದ್ದಿರಬಹುದು!

ಎರಡು ತಂತಿಗಳ ಅರಳಿಕಟ್ಟೆ

ಎಂಜಿನ್, ಬ್ರೇಕ್, ಸ್ಟೀರಿಂಗ್, ಏರ್‌ಬ್ಯಾಗ್ - ಇಂದಿನ ಕಾರಿನಲ್ಲಿ ಪ್ರತಿಯೊಂದಕ್ಕೂ ಒಂದು ಪುಟ್ಟ ಕಂಪ್ಯೂಟರ್ ಇದೆ. ಇವು ಪರಸ್ಪರ ಮಾತನಾಡಿಕೊಳ್ಳುವ ವ್ಯವಸ್ಥೆಯೇ ‘ಕ್ಯಾನ್’ ಜಾಲ. ಜರ್ಮನಿಯ ಬಾಷ್ ಸಂಸ್ಥೆ ಇದನ್ನು 1986ರಲ್ಲಿ ಜಗತ್ತಿಗೆ ಪರಿಚಯಿಸಿತು. ಬೆಂಗಳೂರಿಗರು ಮೈಕೋ ಎಂದೇ ಕರೆಯುತ್ತಿದ್ದ ಕಾರ್ಖಾನೆ ಇದೇ ಬಾಷ್ ಸಮೂಹದ್ದು. ಹೆಣೆದ ಎರಡು ತಂತಿಗಳ ಮೇಲೆ ಒಂದು ಮಾಡ್ಯೂಲ್ ಹೇಳಿದ್ದನ್ನು ಎಲ್ಲವೂ ಕೇಳಿಸಿಕೊಂಡು ತಮಗೆ ಬೇಕಾದುದನ್ನು ಮಾತ್ರ ಹೆಕ್ಕಿಕೊಳ್ಳುತ್ತವೆ, ಅರಳಿಕಟ್ಟೆಯ ಮಾತುಕತೆಯಂತೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಮಹತ್ವದ ಸಂದೇಶಕ್ಕೇ ಮೊದಲ ಅವಕಾಶ.

ದೂರು ಯಾರದು, ದೋಷ ಯಾರದು?

ಬಹುತೇಕರು ಎಡವುವುದು ಇಲ್ಲಿಯೇ. ‘ಯು0121’ ಎಂಬ ಸಂಕೇತ ಎಂಜಿನ್ ಮಾಡ್ಯೂಲಿನಲ್ಲಿ ದಾಖಲಾಗಿದ್ದರೆ ‘ಎಬಿಎಸ್‌ನ ಮಾತು ನನಗೆ ಕೇಳಿಸುತ್ತಿಲ್ಲ’ ಎಂದು ಎಂಜಿನ್ ದೂರುತ್ತಿದೆ ಎಂದರ್ಥ. ದೂರು ಕೊಟ್ಟ ಮಾಡ್ಯೂಲನ್ನೇ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಎಲ್ಲ ಮಾಡ್ಯೂಲುಗಳೂ ಒಂದರ ಮೇಲೆಯೇ ದೂರಿದರೆ ಆ ಒಂದರ ಫ್ಯೂಸ್, ಅರ್ಥಿಂಗ್ ಮತ್ತು ಅದಕ್ಕೆ ಹೋಗುವ ತಂತಿಯನ್ನು ಮೊದಲು ನೋಡಬೇಕು. ಯಾವ ಮಾಡ್ಯೂಲೂ ಸ್ಕ್ಯಾನರಿಗೆ ಉತ್ತರಿಸದಿದ್ದರೆ ಮುಖ್ಯ ತಂತಿಯ ಮೇಲೆ ಸಂಶಯ ಪಡಬೇಕು.

ಅದಕ್ಕೂ ಮುನ್ನ ಬ್ಯಾಟರಿ. ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. ದುರ್ಬಲ ಬ್ಯಾಟರಿಯಲ್ಲಿ ಸ್ಟಾರ್ಟ್ ಮಾಡುವ ಕ್ಷಣ ವೋಲ್ಟೇಜ್ ಕುಸಿದು ಮಾಡ್ಯೂಲುಗಳು ಮೌನವಾಗುತ್ತವೆ; ಸುಳ್ಳು ದೂರುಗಳು ಉಳಿದುಬಿಡುತ್ತವೆ. ಆದ್ದರಿಂದ ಸಂಕೇತಗಳನ್ನು ಬರೆದಿಟ್ಟುಕೊಂಡು, ಅಳಿಸಿ, ಕಾರನ್ನು ಓಡಿಸಿ, ಮರಳಿ ಬಂದವನ್ನು ಮಾತ್ರ ಬೆನ್ನಟ್ಟಬೇಕು.

60 ಓಮ್‌ನ ಗುಟ್ಟು

ಜಾಲದ ಎರಡು ತುದಿಗಳಲ್ಲಿ ತಲಾ 120 ಓಮ್‌ನ ಪ್ರತಿರೋಧಕಗಳಿರುತ್ತವೆ. ಬ್ಯಾಟರಿ ಸಂಪರ್ಕ ಕಳಚಿ, ಕೆಲವು ನಿಮಿಷ ಕಾದು, ಸ್ಟೀರಿಂಗ್ ಕೆಳಗಿನ 16 ಪಿನ್‌ಗಳ ಕನೆಕ್ಟರಿನ 6 ಮತ್ತು 14ನೇ ಪಿನ್‌ಗಳ ನಡುವೆ ಮಲ್ಟಿಮೀಟರ್ ಇಟ್ಟರೆ ಸುಮಾರು 60 ಓಮ್ ತೋರಿಸಬೇಕು. 120 ತೋರಿಸಿದರೆ ಒಂದು ತುದಿ ಕಡಿದಿದೆ. ಸೊನ್ನೆಯ ಸಮೀಪವಿದ್ದರೆ ಎರಡೂ ತಂತಿಗಳು ಒಂದಕ್ಕೊಂದು ತಗುಲಿವೆ. ನೂರು ರೂಪಾಯಿಯ ತಂತಿಯ ಕೆಲಸವೋ, ಸಾವಿರಾರು ರೂಪಾಯಿಯ ಮಾಡ್ಯೂಲೋ ಎಂಬುದರ ಮೊದಲ ಸುಳಿವು ಇದೇ. ಆದರೆ ನಡುವೆ ‘ಗೇಟ್‌ವೇ’ ಇರುವ ಕಾರುಗಳಲ್ಲಿ ಈ ಪಿನ್‌ಗಳಿಂದ ಒಳಜಾಲ ಕಾಣಿಸದು. ಅಲ್ಲಿ ಆ ಮಾದರಿಯ ವೈರಿಂಗ್ ನಕ್ಷೆಯೇ ಗತಿ.

ತಂತಿ ಸರಿಯಿದ್ದರೆ ಮಾಡ್ಯೂಲುಗಳನ್ನು ಒಂದೊಂದಾಗಿ ಕಳಚಿ ನೋಡುವುದುಂಟು. ಯಾವುದನ್ನು ತೆಗೆದಾಗ ಜಾಲ ಚೇತರಿಸಿಕೊಳ್ಳುತ್ತದೆಯೋ ಸಂಶಯ ಅದರ ಮೇಲೆ. ಏರ್‌ಬ್ಯಾಗ್ ಕನೆಕ್ಟರುಗಳಿಗೆ ಮಾತ್ರ ಮನೆಯಲ್ಲಿ ಕೈಹಾಕಲೇಬಾರದು.

ಮಳೆ, ಇಲಿ, ಮ್ಯೂಸಿಕ್ ಸಿಸ್ಟಂ

ಕನೆಕ್ಟರಿಗೆ ಇಳಿದ ಮಳೆನೀರು, ಇಲಿ ಕಡಿದ ತಂತಿ, ಮ್ಯೂಸಿಕ್ ಸಿಸ್ಟಂ ಅಥವಾ ಅಲಾರಂ ಕೂರಿಸುವಾಗ ಕತ್ತರಿಸಿ ಟೇಪ್ ಸುತ್ತಿದ ವೈರು - ಇವು ಪದೇ ಪದೇ ಕಂಡುಬರುವ ಅಪರಾಧಿಗಳು. ಇತ್ತೀಚೆಗೆ ಇಂಥ ಕೆಲಸವೇನಾದರೂ ಆಗಿದ್ದರೆ ಮೆಕ್ಯಾನಿಕ್‌ಗೆ ಮುಚ್ಚಿಡದೆ ತಿಳಿಸಿ.

ಮಾಡ್ಯೂಲ್ ಬದಲಾವಣೆಗೆ ಒಪ್ಪುವ ಮೊದಲು ಮೂರು ಪ್ರಶ್ನೆ ಕೇಳಿ: ಅದಕ್ಕೆ ವಿದ್ಯುತ್ ಮತ್ತು ಅರ್ಥಿಂಗ್ ತಲುಪುತ್ತಿದೆಯೇ? ಜಾಲದ ಪ್ರತಿರೋಧ ಎಷ್ಟು ಬಂತು? ಹೊಸದಕ್ಕೆ ಪ್ರೋಗ್ರಾಮಿಂಗ್ ವೆಚ್ಚ ಸೇರಿದೆಯೇ? ಉತ್ತರ ಸಿಗದಿದ್ದರೆ ಇನ್ನೊಂದು ಗ್ಯಾರೇಜಿನ ಅಭಿಪ್ರಾಯ ಪಡೆಯುವುದು ಲೇಸು. ಹಾಗೆಂದು ಈ ದೀಪಗಳನ್ನು ಕಡೆಗಣಿಸುವಂತಿಲ್ಲ. ಎಬಿಎಸ್ ಮೌನವಾದರೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಚಕ್ರಗಳು ಬಿಗಿದು ಕಾರು ಜಾರಬಹುದು. ಸ್ಟೀರಿಂಗ್ ಬಿಗಿಯಾದರೆ ಅಥವಾ ಎಂಜಿನ್ ತಾನಾಗಿ ನಿಂತರೆ ಕಾರನ್ನು ಓಡಿಸದೆ ಎಳೆಸಿಕೊಂಡು ಹೋಗುವುದೇ ಕ್ಷೇಮ.