ಟೊಂಕದ ನೋವಿಗೂ ಒಂದು ಲೆಕ್ಕವಿದೆ

"ಟೊಂಕ ಹೆಂಗೈತ್ರಿ?" ಎಂದು ಯಾರಾದರೂ ಕೇಳಿದರೆ ನೀವು ಏನೆನ್ನುತ್ತೀರಿ? "ಭಾಳ ನೋವೈತ್ರಿ." ಅಷ್ಟೇ ಅಲ್ಲವೇ? ಡಾಕ್ಟರ ಎದುರಿಗೂ ನಮ್ಮ ಬಾಯಿಂದ ಅದಕ್ಕಿಂತ ಹೆಚ್ಚು ಹೊರಡುವುದಿಲ್ಲ.

ನನ್ನದೂ ಹೀಗೇ ಆಯಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. "ಏನೂ ಇಲ್ಲಂತಲ್ಲವಾ, ಸುಮ್ನ ನರಳ್ತಿ" ಎಂದರು ಅತ್ತೆ. ರೊಟ್ಟಿ ಬಡಿಯುವಾಗ ಕಣ್ಣಲ್ಲಿ ನೀರು ಬರುತ್ತಿದ್ದುದು ನನಗೊಬ್ಬಳಿಗೇ ಗೊತ್ತು.

ಕೊನೆಗೆ ವ್ಯಾಯಾಮ ಹೇಳಿಕೊಡುವ ಫಿಜಿಯೋಥೆರಪಿಯ ಹುಡುಗಿ ಒಂದು ಪ್ರಶ್ನೆಪಟ್ಟಿ ತುಂಬಿಸಿದಳು. ಇಂಗ್ಲೆಂಡಿನ ಆಸ್‌ವೆಸ್ಟ್ರಿ ಎಂಬ ಊರಿನ ಹೆಸರು ಹೊತ್ತ ಈ ಪಟ್ಟಿ ಮೊದಲು ಅಚ್ಚಾದದ್ದು 1980ರಲ್ಲಿ. ಅದರಲ್ಲಿ ಹತ್ತು ವಿಷಯ: ನೋವಿನ ಜೋರು, ಮೈ ತೊಳೆದು ಬಟ್ಟೆ ಉಡುವುದು, ಭಾರ ಎತ್ತುವುದು, ನಡೆಯುವುದು, ಕೂರುವುದು, ನಿಲ್ಲುವುದು, ನಿದ್ದೆ, ದಾಂಪತ್ಯ, ನಾಲ್ಕು ಜನರಲ್ಲಿ ಬೆರೆಯುವುದು, ಪ್ರಯಾಣ. ಒಂದೊಂದಕ್ಕೂ 0ಯಿಂದ 5ರವರೆಗೆ ಅಂಕ. ತೊಂದರೆ ಇಲ್ಲದಿದ್ದರೆ 0, ತೀರಾ ಆಗದಿದ್ದರೆ 5. ಹತ್ತನ್ನೂ ಕೂಡಿಸಿ ಎರಡರಿಂದ ಗುಣಿಸಿದರೆ ಶೇಕಡಾ ಲೆಕ್ಕ ಸಿಗುತ್ತದೆ. 20ರೊಳಗೆ ಇದ್ದರೆ ತೊಂದರೆ ಅಲ್ಪ, 40ರವರೆಗೆ ಮಧ್ಯಮ, 41 ದಾಟಿದರೆ ತೀವ್ರ.

ನನ್ನ ಅಂಕ 23, ಅಂದರೆ ಶೇಕಡಾ 46! ಸಿಂಧನೂರಿನಲ್ಲಿ ಬಸ್ ಹತ್ತಿದರೆ ಮಸ್ಕಿ ಬರುವಷ್ಟರಲ್ಲಿ ಕೂರಲಾಗದೆ ಎದ್ದು ನಿಲ್ಲುತ್ತಿದ್ದೆ. ಆ ಅಂಕಿ ನೋಡಿದ ಮೇಲೆ ನಮ್ಮ ಯಜಮಾನರು ತಾವಾಗಿಯೇ ನೀರಿನ ಕೊಡ ಎತ್ತಿದರು. ನಿತ್ಯ ವ್ಯಾಯಾಮ, ನಡಿಗೆ ಮಾಡಿದೆ. ಮೂರು ತಿಂಗಳಿಗೆ ಲೆಕ್ಕ 24ಕ್ಕೆ ಇಳಿಯಿತು. ಈಗ ಲಿಂಗಸುಗೂರಿನ ತಂಗಿಯ ಮನೆಯವರೆಗೂ ಕೂತೇ ಹೋಗುತ್ತೇನೆ.

ನೀವೂ ತಿಂಗಳಿಗೊಮ್ಮೆ ಬರೆದಿಡಿ. ಒಂದೆರಡು ಅಂಶ ಹೆಚ್ಚುಕಡಿಮೆಯಾದರೆ ಗಾಬರಿ ಬೇಡ. ಹತ್ತರಷ್ಟು ಇಳಿದರೆ ಗುಣ ಕಾಣುತ್ತಿದೆ ಎನ್ನಬಹುದು. ಇಳಿಯದಿದ್ದರೆ ಚೀಟಿ ತೋರಿಸಿ ಡಾಕ್ಟರನ್ನು ಕೇಳಿ. ದಿನವಿಡೀ ಬಗ್ಗಿ ಭತ್ತ ನಾಟಿ ಮಾಡುವ ನಮ್ಮ ಅಕ್ಕ-ತಂಗಿಯರಿಗೆ ಓದಲು ಬಾರದಿದ್ದರೆ, ಶಾಲೆಗೆ ಹೋಗುವ ಮಗಳು ಓದಿ ಹೇಳಲಿ. ಆದರೆ ಉತ್ತರ ಮಾತ್ರ ನೋವುಂಡವರದ್ದೇ ಆಗಿರಬೇಕು.

ಒಂದು ಎಚ್ಚರಿಕೆ: ಕಾಲಿನ ಬಲ ಕುಂದಿದರೆ, ತೊಡೆಸಂದಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಲೆಕ್ಕ ಬರೆಯುತ್ತಾ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ಹಾಲಿನ ಲೆಕ್ಕ, ಕಿರಾಣಿ ಲೆಕ್ಕ ತಪ್ಪದೆ ಬರೆಯುವವರು ನಾವು. ಅದೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನಮ್ಮ ಟೊಂಕದ ಲೆಕ್ಕಕ್ಕೂ ಒಂದಿಷ್ಟು ಜಾಗ ಇರಲಿ.