ಕಾಲಾವಧಿಯ ಷರತ್ತುಗಳಲ್ಲಿ ‘ಮೇ’ ಮತ್ತು ‘ಶಲ್’

ಇಂಗ್ಲಿಷ್ ವ್ಯವಹಾರ ಪತ್ರಗಳಲ್ಲಿ ನಾವು ತಾರೀಖನ್ನು ನೋಡುತ್ತೇವೆ; ಅದರೊಡನಿರುವ ಪುಟ್ಟ ಸಹಾಯಕ ಕ್ರಿಯಾಪದವನ್ನು ಗಮನಿಸುವುದಿಲ್ಲ. ಹೊಣೆ ಅಡಗಿರುವುದು ಅದರಲ್ಲಿಯೇ. ಸರಬರಾಜುದಾರರು ‘ಗೂಡ್ಸ್ ಶುಡ್ ರೀಚ್ ಬೈ ಮಂಡೇ’ ಎಂದು ಬರೆದರೆ ಅದು ನಿರೀಕ್ಷೆ. ‘ವಿಲ್ ರೀಚ್’ ಎಂದರೆ ಭರವಸೆ.

ಕನ್ನಡದಲ್ಲಿ ‘ಬಹುದು’, ‘ತಕ್ಕದ್ದು’ಗಳ ಭೇದವನ್ನು ಬಲ್ಲ ನಾವೇ ಇಂಗ್ಲಿಷಿನಲ್ಲಿ ಸೌಜನ್ಯಕ್ಕೆಂದು ‘ಯು ಮೇ ಪ್ಲೀಸ್ ಪೇ ವಿದಿನ್ 30 ಡೇಸ್’ ಎಂದು ಬರೆಯುತ್ತೇವೆ. ವಿವಾದ ಬಂದಾಗ ಎದುರು ಪಕ್ಷದವರು ಇದನ್ನು ಕೇವಲ ಕೋರಿಕೆಯೆಂದು ವಾದಿಸಲು ಎಡೆಯುಂಟು.

ಶಾಸನದ ಭಾಷೆಯನ್ನು ಗಮನಿಸಿರಿ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದ 15ನೇ ಪ್ರಕರಣವು ಖರೀದಿದಾರರು ಹಣವನ್ನು ‘ಶಲ್’ ಪಾವತಿಸಬೇಕೆನ್ನುತ್ತದೆ. ಲಿಖಿತ ಒಪ್ಪಂದವಿದ್ದರೂ ಅವಧಿಯು ಸರಕಿನ ಸ್ವೀಕಾರದಿಂದ 45 ದಿನಗಳನ್ನು ಮೀರುವಂತಿಲ್ಲ. ತಪ್ಪಿದರೆ, 16ನೇ ಪ್ರಕರಣದಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಈ ರಕ್ಷಣೆ ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಮೀಸಲು. ಬರಿಯ ಕ್ರಯವಿಕ್ರಯ ನಡೆಸುವ ವರ್ತಕರಿಗೆ ಸಾಮಾನ್ಯವಾಗಿ ತಮ್ಮ ಕಾಗದದ ಪದಗಳೇ ಆಸರೆ. ಆದ್ದರಿಂದ ಮುಂದಿನ ಆರ್ಡರ್ ಒಪ್ಪಿಕೊಳ್ಳುವಾಗ ‘ಶಲ್ ಪೇ ಆನ್ ಆರ್ ಬಿಫೋರ್’ ಎಂದು ಬರೆದು, ಮುಂದೆ ತಾರೀಖನ್ನೇ ನಮೂದಿಸುವುದು ಲೇಸು.