ಗಣಕಯಂತ್ರಗಳ ಸ್ವಯಂಚಾಲಿತ ಸ್ಥಾಪನೆ

ಗಣಕಯಂತ್ರವನ್ನು ಕೊಂಡು ತಂದ ಮಾತ್ರಕ್ಕೆ ಅದು ಕೆಲಸಕ್ಕೆ ಬಾರದು. ಕೀಲಿಮಣೆ, ಪರದೆ, ಸ್ಮೃತಿ, ಡಿಸ್ಕ್ ಇವೆಲ್ಲವನ್ನೂ ಒಂದು ಆಳ್ವಿಕೆಗೆ ತರುವ ಆಪರೇಟಿಂಗ್ ಸಿಸ್ಟಮ್ ಅದರಲ್ಲಿ ನೆಲೆಗೊಳ್ಳಬೇಕು. ಈ ಕಾರ್ಯಕ್ಕೆ ಸ್ಥಾಪನೆಯೆಂದು ಹೆಸರು.

ಬೀದರ್ ಜಿಲ್ಲೆಯ ಹುಮನಾಬಾದಿನಲ್ಲೋ ಬಸವಕಲ್ಯಾಣದಲ್ಲೋ ಒಂದು ಕಾಲೇಜಿನ ಪ್ರಯೋಗಶಾಲೆಗೆ 30 ಗಣಕಯಂತ್ರಗಳು ಬಂದುವೆಂದು ಭಾವಿಸೋಣ. ಒಂದೊಂದರ ಮುಂದೆಯೂ ಕುಳಿತು, ಭಾಷೆ ಯಾವುದು, ಡಿಸ್ಕನ್ನು ಹೇಗೆ ಹಂಚಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಹೋದರೆ, ಯಂತ್ರಕ್ಕೆ 40 ನಿಮಿಷದಂತೆ 20 ಗಂಟೆಗಳು ಬೇಕಾಗುವುವು. ಕಾಲವ್ಯಯಕ್ಕಿಂತ ದೊಡ್ಡ ತೊಡಕು ಇನ್ನೊಂದುಂಟು. ಒಂದೇ ಪ್ರಶ್ನೆಗೆ 30 ಸಲ ಉತ್ತರಿಸುವ ಮನುಷ್ಯನು ಎಲ್ಲೋ ಒಂದೆಡೆ ಬೇರೆ ಉತ್ತರ ಕೊಟ್ಟುಬಿಡುತ್ತಾನೆ. ಆ ಒಂದು ಯಂತ್ರ ಮುಂದೆ ಏಕೆ ಬೇರೆ ರೀತಿ ವರ್ತಿಸುತ್ತದೆಂಬುದು ಯಾರಿಗೂ ತಿಳಿಯದು.

ಉತ್ತರಗಳನ್ನು ಮೊದಲೇ ಒಂದು ಕಡತದಲ್ಲಿ ಬರೆದಿಟ್ಟು, ಯಂತ್ರವೇ ಅದನ್ನು ಓದಿಕೊಳ್ಳುವಂತೆ ಮಾಡುವುದೇ ಇದಕ್ಕೆ ಪರಿಹಾರ. ರೆಡ್‌ಹ್ಯಾಟ್ ಲಿನಕ್ಸಿನ ಕಿಕ್‌ಸ್ಟಾರ್ಟ್, ಡೆಬಿಯನ್ನಿನ ಪ್ರಿಸೀಡ್ ಇಂತಹ ವಿಧಾನಗಳು. ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಲಾಂಗೆ 1999ರಲ್ಲಿ ಆರಂಭಿಸಿದ ಎಫ್.ಎ.ಐ. ಎಂಬ ಸಾಧನವೂ ಇದೇ ಬಳಗದ್ದು. ‘ಸಂಪೂರ್ಣ ಸ್ವಯಂಚಾಲಿತ ಸ್ಥಾಪನೆ’ ಎಂಬುದೇ ಆ ಹೆಸರಿನ ಅರ್ಥ.

ಇದು ನಡೆಯುವ ಬಗೆ ಹೀಗೆ: ಖಾಲಿ ಯಂತ್ರವನ್ನು ಚಾಲೂ ಮಾಡಿದೊಡನೆ ಅದರ ಜಾಲಕಾರ್ಡು ‘ನನ್ನ ವಿಳಾಸವೇನು?’ ಎಂದು ಜಾಲದಲ್ಲಿ ಕೂಗಿ ಕೇಳುತ್ತದೆ. ಪ್ರಯೋಗಶಾಲೆಯ ಸರ್ವರ್ ವಿಳಾಸವನ್ನು ಕೊಟ್ಟು, ಒಂದು ಪುಟ್ಟ ಲಿನಕ್ಸನ್ನೂ ಕಳುಹಿಸುತ್ತದೆ. ಆ ಲಿನಕ್ಸ್ ಯಂತ್ರದ ಸ್ಮೃತಿಯಲ್ಲಿ ನಿಂತು, ಸೂಚನಾ ಕಡತವನ್ನು ಓದಿ, ಡಿಸ್ಕನ್ನು ಹಂಚಿ, ಬೇಕಾದ ತಂತ್ರಾಂಶಗಳನ್ನು ಅಳವಡಿಸಿ, ಕಡೆಗೆ ಯಂತ್ರವನ್ನು ಮರಳಿ ಚಾಲೂ ಮಾಡುತ್ತದೆ.

ಡಿಸ್ಕನ್ನು ಹಂಚುವುದೆಂದರೇನು? ಹುಮನಾಬಾದಿನ ಸುತ್ತಿನ ತೊಗರಿ, ಜೋಳದ ಹೊಲಗಳನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವುದು. ನೆಲ ಒಂದೇ, ಬದು ಹಾಕಿದುದರಿಂದ ಹೊಲಗಳು ಬೇರೆಯಾಗುತ್ತವೆ. ಡಿಸ್ಕಿನಲ್ಲಿಯೂ ಇಂತಹ ಬದುಗಳನ್ನು ಹಾಕಿ ವಿಭಾಗ ಮಾಡುತ್ತಾರೆ. ಹೊಲದಲ್ಲಿ ಏನಿದೆ, ಅದು ಯಾರದು ಎಂಬುದನ್ನು ಪಹಣಿ ತಿಳಿಸುವಂತೆ, ವಿಭಾಗದೊಳಗೆ ಯಾವ ಕಡತ ಎಲ್ಲಿದೆ ಎಂಬುದನ್ನು ಕಡತ ವ್ಯವಸ್ಥೆ ತಿಳಿಸುತ್ತದೆ. 2008ರಲ್ಲಿ ಲಿನಕ್ಸಿನಲ್ಲಿ ಪೂರ್ಣವಾಗಿ ಸೇರಿದ ಎಕ್ಸ್ಟ್4 ಇಂತಹ ಒಂದು ವ್ಯವಸ್ಥೆ. ಮಾಡಲಿರುವ ಬದಲಾವಣೆಯನ್ನು ಅದು ಮುಂಚಿತವಾಗಿ ಒಂದು ದಿನಚರಿಯಲ್ಲಿ ಬರೆದುಕೊಳ್ಳುತ್ತದೆ. ಆದುದರಿಂದ ನಡುವೆ ವಿದ್ಯುತ್ತು ಹೋದರೂ ಪಹಣಿ ಕೆಡುವ ಸಂಭವ ಕಡಿಮೆ.

ಸೂಚನಾ ಕಡತದಲ್ಲಿ ಹೀಗೆ ಬರೆಯಬಹುದು: ಮೂಲ ವಿಭಾಗಕ್ಕೆ 40 ಗಿಗಾಬೈಟ್, ಸ್ವಾಪ್‌ಗೆ 8, ಉಳಿದುದೆಲ್ಲ ವಿದ್ಯಾರ್ಥಿಗಳ ಕಡತಗಳಿಗೆ. ಡಿಸ್ಕು 250 ಗಿಗಾಬೈಟಿನದಾದರೆ ವಿದ್ಯಾರ್ಥಿಗಳಿಗೆ 202 ದೊರೆಯುವುದು, 500ರದಾದರೆ 452. ಒಂದೇ ಸೂಚನೆ ಎರಡಕ್ಕೂ ಒಗ್ಗಿತು. ಒಂದು ಡಿಸ್ಕಿನ ಯಥಾಪ್ರತಿಯನ್ನು ತೆಗೆದು ಉಳಿದವುಗಳಿಗೆ ಅಚ್ಚೊತ್ತುವ ವಿಧಾನವೂ ಇದೆ. ಆದರೆ ದೊಡ್ಡ ಡಿಸ್ಕಿನ ಪ್ರತಿ ಚಿಕ್ಕದರಲ್ಲಿ ಹಿಡಿಸದು. ಚಿಕ್ಕದರ ಪ್ರತಿ ದೊಡ್ಡದರಲ್ಲಿ ಜಾಗವನ್ನು ಬರಿದೆ ಬಿಡುತ್ತದೆ. ಎಫ್.ಎ.ಐ. ಯಂತ್ರಗಳನ್ನು ವರ್ಗಗಳಾಗಿಯೂ ವಿಂಗಡಿಸುತ್ತದೆ. ಗ್ರಂಥಾಲಯದ ಯಂತ್ರಕ್ಕೆ ಒಂದು ವರ್ಗ, ಪ್ರಯೋಗಶಾಲೆಯದಕ್ಕೆ ಇನ್ನೊಂದು. ವರ್ಗಕ್ಕೆ ತಕ್ಕಂತೆ ಹಂಚಿಕೆ.

ಇಷ್ಟು ಶಕ್ತಿಯುಳ್ಳ ಸಾಧನದಲ್ಲಿ ಅಪಾಯವೂ ಅಷ್ಟೇ ಇದೆ. ಕೈಯಿಂದ ಮಾಡಿದ ತಪ್ಪು ಒಂದು ಯಂತ್ರವನ್ನು ಕೆಡಿಸಿದರೆ, ಕಡತದಲ್ಲಿ ಬರೆದ ತಪ್ಪು ಮೂವತ್ತನ್ನೂ ಕೆಡಿಸುತ್ತದೆ. ವರ್ಷದ ನಡುವೆ ಮರುಸ್ಥಾಪನೆ ಮಾಡಬೇಕಾಯಿತೆನ್ನಿ. ‘ಡಿಸ್ಕನ್ನು ಹೊಸದಾಗಿ ಹಂಚು’ ಎಂದಷ್ಟೇ ಬರೆದಿದ್ದರೆ ವಿದ್ಯಾರ್ಥಿಗಳ ಅಷ್ಟೂ ದಿನದ ಶ್ರಮ ನಿಮಿಷಗಳಲ್ಲಿ ಅಳಿಸಿಹೋಗುವುದು. ಬೇರೆಡೆ ಪ್ರತಿಯಿಲ್ಲದಿದ್ದರೆ ಅದು ಮರಳಿ ಬಾರದು. ಆದಕಾರಣವೇ ಎಫ್.ಎ.ಐ.ಯಲ್ಲಿ, ಮೊದಲ ಸ್ಥಾಪನೆಯಲ್ಲಿ ವಿಭಾಗವನ್ನು ರಚಿಸು, ಮರುಸ್ಥಾಪನೆಯಲ್ಲಿ ಅದನ್ನು ಮುಟ್ಟದೆ ಉಳಿಸು ಎಂದು ಹೇಳುವ ಅನುಕೂಲವಿದೆ. ಯಂತ್ರದಲ್ಲಿ ಎರಡು ಡಿಸ್ಕುಗಳಿದ್ದರೆ ‘ಮೊದಲನೆಯದು’ ಯಾವುದೆಂಬುದನ್ನೂ ನೋಡಿಕೊಳ್ಳಬೇಕು. ಆಮೇಲೆ ಸಿಕ್ಕಿಸಿದ ಡಿಸ್ಕು ಕೆಲವೊಮ್ಮೆ ಆ ಸ್ಥಾನಕ್ಕೆ ಬಂದು ಕುಳಿತಿರುವುದುಂಟು.

ಇದರಿಂದ ಒಂದು ನಿಯಮ ಹೊರಡುತ್ತದೆ. ಸೂಚನೆಯನ್ನು ಬದಲಿಸಿದಾಗಲೆಲ್ಲ, ಏನೂ ಇಲ್ಲದ ಒಂದು ಯಂತ್ರದ ಮೇಲೆ ಪ್ರಯೋಗಿಸಿ ನೋಡಿಯೇ ಉಳಿದವುಗಳಿಗೆ ಒಪ್ಪಿಸತಕ್ಕದ್ದು. ಬರೆದ ಸೂಚನೆಗೆ ಒಂದು ವಿಶೇಷ ಗುಣವುಂಟು: ಅದನ್ನು ಇನ್ನೊಬ್ಬರು ಓದಬಹುದು, ಪ್ರಶ್ನಿಸಬಹುದು, ತಿದ್ದಬಹುದು. ಸ್ಥಾಪಿಸಿದವರು ಊರು ಬಿಟ್ಟು ಹೋದರೂ ಅವರ ತಿಳುವಳಿಕೆ ಪ್ರಯೋಗಶಾಲೆಯಲ್ಲಿಯೇ ಉಳಿಯುವುದು. ಬೇಸರವಿಲ್ಲದೆ ಮತ್ತೆ ಮತ್ತೆ ಮಾಡುವ ಕೆಲಸ ಯಂತ್ರದ್ದು; ಏನು ಉಳಿಯಬೇಕು, ಏನು ಅಳಿಯಬಹುದು ಎಂದು ಮೊದಲೇ ಯೋಚಿಸುವ ಹೊಣೆ ಮಾತ್ರ ಮನುಷ್ಯನದು.